ಹಾಸ್ಯ, ಭಯ ಮತ್ತು ಪ್ರೇಕ್ಷಕರ ತೀರ್ಪು

(‘ಸು ಫ್ರಮ್ ಸೋ’ ಚಿತ್ರವನ್ನು ಕುರಿತು ಒಂದು ವಿಚಾರ)

ಬಲ್ಲವರು ಮೆಚ್ಚುವ ತನಕ ತನ್ನ ಪ್ರಯೋಗಕೌಶಲವನ್ನು ತಾನು ನಂಬಲಾರೆನೆಂದು ಕಾಳಿದಾಸನ ಸೂತ್ರಧಾರನು ಶಾಕುಂತಲದ ಮೊದಲಲ್ಲಿಯೇ ಹೇಳಿಕೊಳ್ಳುತ್ತಾನೆ. ಅವನ ಕಾಲಕ್ಕೆ ಪ್ರೇಕ್ಷಕರೆಂದರೆ ರಸಜ್ಞರಾದ ವಿದ್ವಾಂಸರ ಸಭೆ. ಇಂದಿನ ಚಲಚ್ಚಿತ್ರಕ್ಕಾದರೋ ಟಿಕೀಟು ಕೊಂಡು ಕತ್ತಲೆಯಲ್ಲಿ ಒಂದೆಡೆ ಕೂರುವ ಸಮಸ್ತರೂ ಪ್ರೇಕ್ಷಕರೇ: ವಕೀಲರು, ಹತ್ತಿಯ ವ್ಯಾಪಾರಿಗಳು, ಕಾಲೇಜಿನ ಹುಡುಗರು, ಮೊಮ್ಮಕ್ಕಳ ಕೈಹಿಡಿದು ಬಂದ ಅಜ್ಜಿಯರು. ಇವರ ತೀರ್ಪು ಅಚ್ಚಾಗುವುದು ಅಪರೂಪ. ಅದು ಚಿತ್ರಮಂದಿರದ ಮೆಟ್ಟಿಲ ಮೇಲೆ ಹುಟ್ಟಿ, ಮರುದಿನ ಹೋಟೆಲಿನ ಮೇಜಿನ ಮುಂದೆಯೂ ಮನೆಯ ಪಡಸಾಲೆಯಲ್ಲಿಯೂ ಬೆಳೆದು, ಒಂದು ವಾರದೊಳಗೆ ಚಿತ್ರವನ್ನು ಏರಿಸುತ್ತದೆ, ಇಲ್ಲವೆ ಇಳಿಸುತ್ತದೆ. ಇಂತಹ ತೀರ್ಪನ್ನು ವಿಮರ್ಶಕನು ಕಡೆಗಣಿಸುವುದೂ ಸಲ್ಲದು, ತಲೆಯ ಮೇಲೆ ಹೊತ್ತು ಮೆರೆಸುವುದೂ ಸಲ್ಲದು. ಅದನ್ನು ಬಿಡಿಸಿ ನೋಡಿ, ಅದರಲ್ಲಿ ರೂಢಿಯೆಷ್ಟು, ರುಚಿಯೆಷ್ಟು, ನಿಜವಾದ ಒಳನೋಟವೆಷ್ಟು ಎಂದು ತೂಗುವುದೇ ಅವನ ಕೆಲಸ.

ಈ ಕೆಲಸಕ್ಕೆ ತಕ್ಕ ಸಂದರ್ಭವನ್ನು ೨೦೨೫ನೆಯ ಇಸವಿಯು ನಮಗೆ ಒದಗಿಸಿತು. ಆ ವರ್ಷದ ಜುಲೈ ೨೫ರಂದು ‘ಸು ಫ್ರಮ್ ಸೋ’ ಎಂಬ ವಿಚಿತ್ರ ಹೆಸರಿನ ಕನ್ನಡ ಚಿತ್ರವೊಂದು ಬಿಡುಗಡೆಯಾಯಿತು. ಹೆಸರನ್ನು ಬಿಡಿಸಿದರೆ ‘ಸೋಮೇಶ್ವರದ ಸುಲೋಚನೆ’ ಎಂದಾಗುತ್ತದೆ. ಇದನ್ನು ಬರೆದು ನಿರ್ದೇಶಿಸಿ, ಮುಖ್ಯ ಪಾತ್ರವೊಂದನ್ನೂ ವಹಿಸಿದವರು ಜೆ.ಪಿ. ತುಮಿನಾಡು. ಅವರ ಹೆಸರಿನೊಡನಿರುವ ತುಮಿನಾಡು ಕಾಸರಗೋಡು ಸೀಮೆಯ ಮಂಜೇಶ್ವರದ ಬಳಿಯ ಊರು. ನಿರ್ಮಾಪಕರಲ್ಲೊಬ್ಬರಾದ ರಾಜ್ ಬಿ. ಶೆಟ್ಟಿಯವರು ದೆವ್ವ ಬಿಡಿಸುವ ಗುರೂಜಿಯಾಗಿ ಕಾಣಿಸಿಕೊಂಡಿರುವರು. ನಟವರ್ಗದಲ್ಲಿ ಹಲವರು ತುಳು ರಂಗಭೂಮಿಯಲ್ಲಿ ಪಳಗಿದವರು. ಚಿತ್ರಕ್ಕೆ ಮೊದಲು ದೊಡ್ಡ ಡಂಗುರವಿರಲಿಲ್ಲ. ನೋಡಿ ಬಂದವರ ಬಾಯಿಮಾತೇ ಅದರ ಪ್ರಚಾರವಾಯಿತು. ಆಗಸ್ಟ್ ತಿಂಗಳಲ್ಲಿ ಅದು ಮಲೆಯಾಳ, ತೆಲುಗು ನುಡಿಗಳಿಗೂ ಹೋಯಿತು. ಗಳಿಕೆ ೧೦೦ ಕೋಟಿ ರೂಪಾಯಿಗಳನ್ನು ಮೀರಿತೆಂದು ಪತ್ರಿಕೆಗಳು ವರದಿಮಾಡಿದವು. ಪ್ರೇಕ್ಷಕರ ಅಭಿಪ್ರಾಯವೇ ಒಂದು ಕೃತಿಯ ಭಾಗ್ಯವಾದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಈಚಿನ ಕನ್ನಡ ಚಿತ್ರಗಳಲ್ಲಿ ದೊರೆಯುವುದು ಕಷ್ಟ.

ಕಥೆಯು ಸರಳವಾದುದು. ಕರಾವಳಿಯ ಮರ್ಲೂರೆಂಬ ಹಳ್ಳಿಯಲ್ಲಿ ಅಶೋಕನೆಂಬ ತರುಣನಿದ್ದಾನೆ. ಹುಡುಗಾಟಿಕೆಯ ಕೆಲಸವೊಂದರಲ್ಲಿ ಸಿಕ್ಕಿಬಿದ್ದು, ಅವಮಾನದಿಂದ ಪಾರಾಗುವುದಕ್ಕಾಗಿ ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ಊರು ಅದನ್ನು ನಂಬುತ್ತದೆ. ಬಂದಿರುವುದು ಸೋಮೇಶ್ವರದ ಸುಲೋಚನೆಯೆಂದು ಗೊತ್ತುಮಾಡುತ್ತದೆ. ಊರಿಗೆ ಹಿರಿಯಣ್ಣನಂತಿರುವ ರವಿಯಣ್ಣನು ಧೈರ್ಯ ಹೇಳಲು ಬಂದು ತಾನೇ ಬೆವರುತ್ತಾನೆ. ಗುರೂಜಿ ಬರುತ್ತಾನೆ. ಹುಸಿಯು ಹುಸಿಯನ್ನು ಹೆತ್ತು ಬೆಳೆಯುತ್ತಿರುವಾಗ, ಆ ಹೆಸರಿನ ಹೆಂಗಸೊಬ್ಬಳು ನಿಜವಾಗಿಯೂ ಬದುಕಿ ಸತ್ತಿದ್ದಳೆಂದೂ, ಅವಳ ಮಗಳಾದ ಭಾನು ಹತ್ತಿರದವನೊಬ್ಬನ ಕಾಟದಲ್ಲಿ ದಿನ ನೂಕುತ್ತಿರುವಳೆಂದೂ ತಿಳಿದುಬರುತ್ತದೆ. ಅಲ್ಲಿಂದ ಮುಂದೆ ಅಶೋಕನ ಹುಸಿ ಆವೇಶವು ಆ ಹೆಣ್ಣಿಗೆ ಆಸರೆಯಾಗಿ ತಿರುಗುತ್ತದೆ.

ಈ ಚಿತ್ರವನ್ನು ಕುರಿತು ನಮ್ಮ ಪಾರ್ವತಿನಗರದ ಮನೆಗಳಲ್ಲಿ ಕೇಳಿಬಂದ ಮಾತುಗಳನ್ನು ಒಟ್ಟುಗೂಡಿಸಿದರೆ ಅವು ಐದು ಬಗೆಯಾಗಿ ನಿಲ್ಲುತ್ತವೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು, ಅಷ್ಟು ಸಾಕು ಎಂಬುದು ಮೊದಲನೆಯದು. ದೆವ್ವದ ಚಿತ್ರವೆಂದು ಹೋದೆವು, ಭಯವೇ ಆಗಲಿಲ್ಲ ಎಂಬುದು ಎರಡನೆಯದು. ಕರಾವಳಿಯ ಮಾತು ನಮ್ಮ ಕಿವಿಗೆ ಹತ್ತುವುದು ತಡವಾಯಿತು ಎಂಬುದು ಮೂರನೆಯದು. ಮೊದಲರ್ಧದ ನಗೆ ಕಡೆಯ ತನಕ ಉಳಿಯಲಿಲ್ಲ, ಕೊನೆಗೆ ಉಪದೇಶವಾಯಿತು ಎಂಬುದು ನಾಲ್ಕನೆಯದು. ಜನರ ನಂಬಿಕೆಯನ್ನು ಹಾಸ್ಯಕ್ಕೆ ಗುರಿಮಾಡಬಹುದೆ ಎಂಬ ಶಂಕೆ ಐದನೆಯದು. ಈ ಐದನ್ನೂ ಒಂದೊಂದಾಗಿ ಪರೀಕ್ಷಿಸುವುದು ನಮ್ಮ ಉದ್ದೇಶ.

ಮೊದಲು ನಗೆಯ ಮಾತು. ನಗೆ ಬಂದಿತೆಂಬುದು ಅನುಭವ. ಏಕೆ ಬಂದಿತೆಂಬುದು ವಿಚಾರ. ಹಾಸ್ಯವೂ ಭಯಾನಕವೂ ಒಂದೇ ಮನೆಯಲ್ಲಿ ಬಾಳಲಾರವೆಂದು ನಮ್ಮ ಆಲಂಕಾರಿಕರು ಎಣಿಸಿದ್ದರು. ಭರತನು ಹಾಸ್ಯವನ್ನು ಶೃಂಗಾರದ ಮಗುವೆಂದೂ ಭಯಾನಕವನ್ನು ಬೀಭತ್ಸದ ಮಗುವೆಂದೂ ಬೇರೆಬೇರೆ ಕುಲಗಳಿಗೆ ಸೇರಿಸಿದನು. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಹಾಸ್ಯಕ್ಕೆ ಭಯಾನಕ, ಕರುಣಗಳೆರಡೂ ವಿರೋಧಿಗಳೆಂದು ಸ್ಪಷ್ಟವಾಗಿಯೇ ಹೇಳಿದನು. ಈ ಚಿತ್ರದಲ್ಲಾದರೋ ಆ ಮೂರೂ ಒಂದೇ ಸೂರಿನಡಿ ನೆಲಸಿವೆ! ಇದು ಶಾಸ್ತ್ರವನ್ನು ಮೀರಿದ ಸಾಹಸವೆಂದು ತಿಳಿಯಬೇಕಾಗಿಲ್ಲ. ಧ್ವನ್ಯಾಲೋಕದಲ್ಲಿ ಆನಂದವರ್ಧನನು ಒಂದು ದಾರಿಯನ್ನು ತೆರೆದಿಟ್ಟಿದ್ದಾನೆ. ವಿರೋಧಿಗಳಾದ ರಸಗಳನ್ನು ಒಬ್ಬನಲ್ಲಿಯೇ ತುಂಬಿದರೆ ಅವು ಒಂದನ್ನೊಂದು ಕೊಲ್ಲುತ್ತವೆ. ಬೇರೆಬೇರೆ ಆಶ್ರಯಗಳಲ್ಲಿ ಇರಿಸಿದರೆ ಒಂದನ್ನೊಂದು ಬೆಳಗಿಸುತ್ತವೆ. ಈ ಸೂತ್ರವನ್ನು ಕೈಯಲ್ಲಿ ಹಿಡಿದರೆ ‘ಸು ಫ್ರಮ್ ಸೋ’ ಚಿತ್ರದ ಗೆಲವಿನ ಗುಟ್ಟು ತಾನಾಗಿಯೇ ತೆರೆಯುತ್ತದೆ. ಭಯವಿರುವುದು ಊರಿನವರಲ್ಲಿ, ನಗೆಯಿರುವುದು ನಮ್ಮಲ್ಲಿ. ಅಶೋಕನ ಗುಟ್ಟು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅವರು ಎಷ್ಟು ಪ್ರಾಮಾಣಿಕವಾಗಿ ನಡುಗುವರೋ ನಾವು ಅಷ್ಟು ಮನಸಾರೆ ನಗುತ್ತೇವೆ.

ಇಲ್ಲಿ ನಟರ ಸಂಯಮವು ಪ್ರಶಂಸಾರ್ಹವಾದುದು. ರವಿಯಣ್ಣನ ಪಾತ್ರ ವಹಿಸಿದ ಶನೀಲ್ ಗೌತಮರು ಪ್ರೇಕ್ಷಕರನ್ನು ನಗಿಸಹೊರಟವರಂತೆ ಎಲ್ಲಿಯೂ ನಡೆದುಕೊಳ್ಳುವುದಿಲ್ಲ. ಹತ್ತು ಜನರ ಮುಂದೆ ಮರ್ಯಾದೆ ಉಳಿಸಿಕೊಳ್ಳಬೇಕು, ಒಳಗೆ ಜೀವ ಹಾರುತ್ತಿದೆ. ಈ ಎರಡರ ನಡುವೆ ಸಿಕ್ಕಿದ ಗಂಡಸನ್ನು ಅವರು ಗಂಭೀರವಾಗಿಯೇ ಅಭಿನಯಿಸುತ್ತಾರೆ. ಪಾತ್ರವು ತಾನೇ ನಕ್ಕುಬಿಟ್ಟರೆ ಪ್ರೇಕ್ಷಕನ ಪಾಲಿನ ನಗೆ ಕಳೆದುಹೋಗುತ್ತದೆ ಎಂಬ ನಿಯಮವನ್ನು ಈ ರಂಗಭೂಮಿಯ ಮಂದಿ ಚೆನ್ನಾಗಿ ಬಲ್ಲರು. ಪಶ್ಚಿಮದವರೂ ಇದನ್ನು ಅರಿತಿದ್ದರು. ರಕ್ತ ಹೀರುವ ಡ್ರಾಕುಲನಾಗಿ ೧೯೩೧ರಲ್ಲಿ ಪ್ರೇಕ್ಷಕರನ್ನು ಹೆದರಿಸಿದ್ದ ಬೆಲಾ ಲುಗೋಸಿಯು ೧೯೪೮ರಲ್ಲಿ ಆಬಟ್ ಮತ್ತು ಕಾಸ್ಟೆಲೊ ಎಂಬ ವಿನೋದಗಾರರ ಜೊತೆ ಅದೇ ವೇಷದಲ್ಲಿ ಬಂದನು. ಚೇಷ್ಟೆಯೆಲ್ಲ ಆ ಇಬ್ಬರದು. ಡ್ರಾಕುಲನು ಮಾತ್ರ ಮೊದಲಿನಂತೆಯೇ ಬಿಗಿದ ಮುಖದಿಂದ ತನ್ನ ಕೆಲಸ ನಡೆಸಿದನು. ಅಲ್ಲಿಯೂ ಇದ್ದುದು ಆಶ್ರಯಭೇದವೇ.

ಈ ಮಿಶ್ರಣವು ನಮಗೆ ಹೊರಗಿನಿಂದ ಬಂದುದೆಂದು ಭಾವಿಸುವವರಿಗೆ ರನ್ನನ ಗದಾಯುದ್ಧವನ್ನು ನೆನಪಿಸಬೇಕಾಗಿದೆ. ಸುಮಾರು ಸಾವಿರ ವರ್ಷಗಳ ಹಿಂದಿನ ಆ ಕಾವ್ಯದಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ನಡೆಯುವಾಗ, ರಣಭೂಮಿಯ ಮರುಳುಗಳು ಅವನಿಗೆ ಎದುರಾಗಿ ಮೂದಲಿಸುತ್ತವೆ. ಮರುಳೆಂದರೆ ಪಿಶಾಚಿಯೂ ಹೌದು, ಬುದ್ಧಿಗೆಟ್ಟವನೂ ಹೌದು. ಈ ಶ್ಲೇಷೆಯಿಂದ, ನಿಜವಾದ ಮರುಳು ಯಾವುದೆಂಬ ಪ್ರಶ್ನೆ ನೆತ್ತರಿನ ನಡುವೆಯೇ ನಗೆಯಾಗಿ ಚಿಮ್ಮುತ್ತದೆ. ಆ ನಗೆ ರಾಜನಲ್ಲಿಲ್ಲ, ಓದುಗನಲ್ಲಿ ಇದೆ. ನಕ್ಕ ಬಳಿಕ ಓದುಗನ ಎದೆ ತಣ್ಣಗಾಗುತ್ತದೆ.

ನಮ್ಮ ಸೀಮೆಯ ಜನರಿಗೂ ಇದು ಹೊಸದಲ್ಲ. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳ ಬಯಲಾಟವನ್ನು ಬಲ್ಲವರು ರಕ್ಕಸನ ಪ್ರವೇಶವನ್ನು ಮರೆಯಲಾರರು. ಅವನ ಆರ್ಭಟಕ್ಕೆ ಮುಂದೆ ಕುಳಿತ ಮಕ್ಕಳು ತಾಯಿಯ ಸೆರಗಿಗೆ ಓಡುತ್ತಿರುವಾಗಲೇ ಸಾರಥಿಯು ಅವನ ಹೆಸರು ದೆಸೆಗಳನ್ನು ವಿಚಾರಿಸುತ್ತ ಅಡ್ಡಮಾತಾಡಿ ದೊಡ್ಡವರನ್ನು ನಗಿಸುತ್ತಾನೆ. ರಕ್ಕಸನು ನಗುವುದಿಲ್ಲ, ನಕ್ಕರೆ ಆಟ ಕೆಟ್ಟಂತೆಯೇ. ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತ, ಬಂಗಾರಕ್ಕರು ಮಾಡುವುದೂ ಇದೇ ಕೆಲಸ. ೨೦೨೩ರಲ್ಲಿ ಕಾಲವಾದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಆ ಗೊಂಬೆಗಳನ್ನು ಆಡಿಸಿದ ಊರಿನಲ್ಲಿ, ಭಯದ ಬೆನ್ನಿಗೆ ನಗೆ ಬರುವುದನ್ನು ಕಂಡು ಯಾರೂ ಬೆರಗಾಗಬೇಕಾಗಿಲ್ಲ. ಕರಾವಳಿಯ ಚಿತ್ರಕ್ಕೆ ಬಯಲುಸೀಮೆಯವರು ಇಷ್ಟು ಬೇಗ ಒಲಿದುದಕ್ಕೆ ಈ ಹಳೆಯ ಅಭ್ಯಾಸವೂ ಒಂದು ಕಾರಣವೆಂದು ನಮಗೆ ತೋರುತ್ತದೆ.

ಇನ್ನು, ಭಯವೇ ಆಗಲಿಲ್ಲವೆಂಬ ಎರಡನೆಯ ಮಾತು. ದೆವ್ವದ ಚಿತ್ರವೆಂದರೆ ಕಪ್ಪುಬೆಕ್ಕು, ಕೀಲಿಯಿಕ್ಕಿದ ಕೋಣೆ, ಒಮ್ಮೆಲೇ ಕಿವಿಗಪ್ಪಳಿಸುವ ವಾದ್ಯ ಎಂಬ ರೂಢಿಯಿಂದ ಈ ದೂರು ಹುಟ್ಟಿದೆ. ೧೯೭೯ರ ‘ನಾ ನಿನ್ನ ಬಿಡಲಾರೆ’ ಕನ್ನಡಿಗರನ್ನು ನಿಜವಾಗಿಯೇ ಹೆದರಿಸಿದ ಚಿತ್ರ. ೨೦೦೪ರ ‘ಆಪ್ತಮಿತ್ರ’ ಚಿತ್ರದಲ್ಲಿ ಭಯವೂ ನಗೆಯೂ ಜೊತೆಜೊತೆಯಾಗಿಯೇ ಸಾಗಿದವು. ಅಲ್ಲಿಯ ನಾಗವಲ್ಲಿಯು ತೆಲುಗು ಮಾತಾಡತೊಡಗಿದಾಗ ಮೈಸೂರು ಕಡೆಯವರಿಗೆ ಆ ಪರಭಾಷೆಯೇ ಅರ್ಧ ಭಯವನ್ನು ಹುಟ್ಟಿಸಿರಬೇಕು. ನಮ್ಮ ಬಳ್ಳಾರಿಯಲ್ಲಿ ಪಕ್ಕದ ಮನೆಯವರೂ ಆಡುವ ನುಡಿ ಅದು. ಇಲ್ಲಿ ಭಯವೆಲ್ಲವನ್ನೂ ಸೌಂದರ್ಯಾ ಅವರ ಕಣ್ಣುಗಳೇ ಹುಟ್ಟಿಸಬೇಕಾಯಿತು, ಹುಟ್ಟಿಸಿದವು ಕೂಡ. ಭಯವೆಂಬುದು ಊರಿಂದ ಊರಿಗೆ ಹೇಗೆ ರೂಪ ಬದಲಿಸುತ್ತದೆಂಬುದಕ್ಕೆ ಇದೊಂದು ಸಾಕ್ಷಿ.

ನಿಜವಾಗಿಯೂ ರಕ್ತ ಕುಡಿಯುವ ದೆವ್ವವನ್ನೇ ಬಯಸಿದವರಿಗೆ ಅದೇ ೨೦೨೫ರ ದೀಪಾವಳಿಗೆ ಹಿಂದಿಯ ‘ಥಾಮಾ’ ಬಂದಿತು. ಆದಿತ್ಯ ಸರ್ಪೋತದಾರರು ನಿರ್ದೇಶಿಸಿದ ಈ ಚಿತ್ರದಲ್ಲಿ ಆಯುಷ್ಮಾನ್ ಖುರಾನಾ ಅವರೊಡನೆ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣನವರು ಅಭಿನಯಿಸಿರುವರು. ಯೂರೋಪಿನ ರಕ್ತಪಿಶಾಚಿಗೆ ಬದಲಾಗಿ ನಮ್ಮ ಕಥೆಗಳ ಬೇತಾಳನನ್ನು ತಂದು ನಿಲ್ಲಿಸಿದುದು ಒಳ್ಳೆಯ ಆಲೋಚನೆಯೇ. ಆದರೂ ಅದರ ವಿಷಯದಲ್ಲಿ ಪ್ರೇಕ್ಷಕರ ಅಭಿಪ್ರಾಯವು ಇಬ್ಭಾಗವಾಯಿತು. ಕಾರಣವನ್ನು ಮೇಲಿನ ಸೂತ್ರದಿಂದಲೇ ಅಳೆಯಬಹುದು. ಅಲ್ಲಿ ನಾಯಕನೇ ಬೇತಾಳನಾಗುತ್ತಾನೆ; ತನಗೆ ಮೂಡಿದ ಕೋರೆಹಲ್ಲಿಗೆ ತಾನೇ ಬೆರಗಾಗಿ ನಮ್ಮನ್ನು ನಗಿಸಬೇಕಾಗುತ್ತದೆ. ಮನುಷ್ಯರಕ್ತವನ್ನು ಮುಟ್ಟಬಾರದೆಂಬ ಕಟ್ಟಳೆಯೂ ಬೇತಾಳರ ಕುಲಕ್ಕುಂಟು. ಹೀಗೆ ಹೆದರಿಸಬೇಕಾದವನೂ ನಗಿಸಬೇಕಾದವನೂ ಒಬ್ಬನೇ ಆದಾಗ ಎರಡೂ ಅರ್ಧರ್ಧವಾಗುತ್ತವೆ. ಅದ್ಭುತವಾದ ದೃಶ್ಯವೈಭವಗಳಿಂದ ಆ ಕೊರತೆ ತುಂಬದು. ಕಾಣದ ಸುಲೋಚನೆಯು ಕಾಣುವ ಬೇತಾಳನಿಗಿಂತ ಹೆಚ್ಚು ಬಲವುಳ್ಳವಳಾದುದು ಹೀಗೆ.

ಮೂರನೆಯದು ಭಾಷೆಯ ಮಾತು. ‘ಐತಿ’ ಎನ್ನುವ ನಮಗೆ ‘ಉಂಟು’ ಎನ್ನುವವರ ಮಾತಿನ ವೇಗಕ್ಕೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಹಿಡಿದುದು ಸಹಜ. ಎಷ್ಟೋ ಚತುರೋಕ್ತಿಗಳು ನಮ್ಮ ಕಿವಿಯನ್ನು ದಾಟಿಹೋಗಿರಲೂ ಸಾಕು. ಆದರೆ ಇದನ್ನು ಚಿತ್ರದ ದೋಷವೆಂದು ಎಣಿಸಲಾಗದು. ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ಮದರಾಸಿನ ಆಡಳಿತದಲ್ಲಿದ್ದ ಬಳ್ಳಾರಿಯು ಎರಡು ನುಡಿಗಳ ನಡುವೆಯೇ ಬೆಳೆದ ಊರು. ತೆಲುಗು ರಂಗಭೂಮಿಗೆ ಧರ್ಮವರಂ ಕೃಷ್ಣಮಾಚಾರ್ಯರನ್ನೂ ಕೋಲಾಚಲಂ ಶ್ರೀನಿವಾಸರಾಯರನ್ನೂ ಕೊಟ್ಟ ಊರು. ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಅಭಿನಯಿಸಿದ ಬಳ್ಳಾರಿ ರಾಘವರ ಊರು. ಪರನುಡಿಯ ನಾಟಕವನ್ನೇ ಮೆಚ್ಚಿ ಕೂತು ನೋಡಿದವರ ಮೊಮ್ಮಕ್ಕಳಿಗೆ ತಮ್ಮದೇ ನುಡಿಯ ಇನ್ನೊಂದು ಬಗೆ ಭಾರವಾಗಬಾರದು. ಬೆಂಗಳೂರಿನ ಸಪ್ಪೆಗನ್ನಡವನ್ನೇ ಎಲ್ಲ ಪಾತ್ರಗಳಿಂದಲೂ ಆಡಿಸಿದ್ದರೆ ಮರ್ಲೂರು ಊರಾಗಿ ಉಳಿಯುತ್ತಿರಲಿಲ್ಲ. ನಮ್ಮ ಸೀಮೆಯ ಮಾತನ್ನೂ ಇಷ್ಟೇ ಧೈರ್ಯದಿಂದ ತೆರೆಗೆ ತರುವವರು ಹೆಚ್ಚಬೇಕೆಂಬ ಆಸೆಯನ್ನು ಈ ಚಿತ್ರವು ಹುಟ್ಟಿಸುತ್ತದೆ.

ನಾಲ್ಕನೆಯ ದೂರು ಎಲ್ಲಕ್ಕಿಂತ ಗಹನವಾದುದು. ಉತ್ತರಾರ್ಧದಲ್ಲಿ ನಗೆ ಇಳಿಯಿತೆಂಬುದು ನಿಜ. ಆದರೆ ಆ ಇಳಿತವು ಎಲ್ಲಿ ಆರಂಭವಾಗುತ್ತದೆಂಬುದನ್ನು ಗಮನಿಸಬೇಕು. ಭಾನುವಿನ ಬದುಕು ನಮ್ಮೆದುರಿಗೆ ಬಂದೊಡನೆ ಭಯದ ಆಶ್ರಯವು ಬದಲಾಗುತ್ತದೆ. ಅದುವರೆಗೆ ಇಲ್ಲದ ಹೆಂಗಸಿಗೆ ಊರಿನ ಗಂಡಸರೆಲ್ಲರೂ ಹೆದರಿದ್ದರು. ಈಗ ಇರುವ ಗಂಡಸಿಗೆ ಒಬ್ಬ ಹೆಂಗಸು ಹೆದರುತ್ತಿದ್ದಾಳೆ. ಮೊದಲನೆಯ ಭಯ ಹುಸಿ, ಆದ್ದರಿಂದ ಅದು ನಗೆಗೆ ಎಡೆಗೊಟ್ಟಿತು. ಎರಡನೆಯದು ದಿಟ, ಆದ್ದರಿಂದ ಅದರ ಮುಂದೆ ನಗೆ ನಿಲ್ಲಲಾರದು. ಚಿತ್ರಮಂದಿರವು ಮೊದಲಿನಂತೆ ಗೊಳ್ಳೆಂದು ನಗದೆ ಮೌನವಾದುದನ್ನು ನಾವು ಕೃತಿಯ ಸೋಲೆಂದು ಬಗೆಯಲಾರೆವು. ಮೊದಲರ್ಧದ ನಗೆಯು ಹುಸಿಭಯವನ್ನು ಗುಡಿಸಿ ಹಾಕಿದುದರಿಂದಲೇ ದಿಟವಾದ ಭಯವು ಕಣ್ಣಿಗೆ ಬಿದ್ದಿತು. ಸತ್ತ ಸುಲೋಚನೆಗೆ ದೊರೆತ ಮರ್ಯಾದೆಯು ಬದುಕಿರುವ ಅವಳ ಮಗಳಿಗೆ ಏಕೆ ದೊರೆಯಲಿಲ್ಲ? ಈ ಪ್ರಶ್ನೆಯನ್ನು ಕೇಳಿಸುವುದಕ್ಕಾಗಿಯೇ ಅಷ್ಟು ನಗೆಯೂ ವ್ಯಯವಾಗಿದೆ. ವಿಶ್ವನಾಥನು ಹೇಳಿದ ಹಾಸ್ಯದ ಎರಡನೆಯ ಶತ್ರುವಾದ ಕರುಣವು ಇಲ್ಲಿ ಹಾಸ್ಯದ ಕೈಹಿಡಿದುಕೊಂಡೇ ಒಳಗೆ ಬಂದಿದೆ.

ಆದರೂ ದೂರು ಪೂರ್ತಿಯಾಗಿ ಹುರುಳಿಲ್ಲದುದಲ್ಲ. ಇಷ್ಟು ತೂಕದ ವಸ್ತುವನ್ನು ತಂದ ಮೇಲೆ ಕವಿಯು ಅದಕ್ಕೆ ತಕ್ಕ ಅವಕಾಶವನ್ನು ಕೊಟ್ಟಿಲ್ಲವೆಂಬುದು ನಮ್ಮ ಆಕ್ಷೇಪಣೆ. ಭಾನುವಿನ ಪಾತ್ರದಲ್ಲಿ ಸಂಧ್ಯಾ ಅರಕೆರೆಯವರು ಕಣ್ಣಿನಿಂದಲೂ ತಗ್ಗಿದ ತಲೆಯಿಂದಲೂ ಬಹಳವನ್ನು ಹೇಳುತ್ತಾರೆ. ಬಾಯಿಂದ ಹೇಳುವುದಕ್ಕೆ ಅವರಿಗೆ ಸಿಕ್ಕಿರುವುದು ಸ್ವಲ್ಪ. ಹೆಣ್ಣಿನ ಸಂಕಟವು ಊರಿಗೆ ಕೇಳಿಸಬೇಕಾದರೆ ಅದು ಗಂಡಸೊಬ್ಬನ ಹುಸಿ ಆವೇಶದ ಮೂಲಕವೇ ಹೊರಡಬೇಕೆ? ಲೋಕದಲ್ಲಿ ಹಾಗೆಯೇ ನಡೆಯುವುದುಂಟು, ನಮ್ಮ ಹಳ್ಳಿಗಳಲ್ಲಿ ಸೊಸೆಯಂದಿರು ಮೈಮೇಲೆ ಬಂದಾಗ ಮಾತ್ರ ಅತ್ತೆಯರ ಎದುರು ಬಾಯಿ ತೆರೆಯುವರು ಎಂದು ಸಮಾಧಾನ ಹೇಳಬಹುದು. ಲೋಕದ ಆ ರೀತಿಯನ್ನು ತೋರಿಸುವುದು ಬೇರೆ, ಅದರಲ್ಲಿಯೇ ತೃಪ್ತಿಪಟ್ಟು ನಿಲ್ಲುವುದು ಬೇರೆ. ಕೊನೆಯಲ್ಲಿ ಒಂದು ಸಲವಾದರೂ ಭಾನು ತನ್ನ ಮಾತನ್ನು ತಾನೇ ಕೊನೆಯ ತನಕ ಆಡಿದ್ದರೆ, ಯಾರೂ ಉಪದೇಶವೆಂದು ಗೊಣಗುತ್ತಿರಲಿಲ್ಲ. ಬೇರೆಯವರು ಅವಳ ಪರವಾಗಿ ಹೇಳಿದುದೇ ಉಪದೇಶದಂತೆ ಕೇಳಿಸಿದೆ. ಕುಡಿತವನ್ನು ಮತ್ತೆ ಮತ್ತೆ ವಿನೋದಕ್ಕೆ ಬಳಸಿರುವುದೂ ಅತಿಯಾಯಿತು; ಅದಿಲ್ಲದೆಯೂ ನಗಿಸಬಲ್ಲವರಿಗೆ ಆ ಊರುಗೋಲು ಬೇಕಿರಲಿಲ್ಲ.

ಕಡೆಯದು ನಂಬಿಕೆಯ ಪ್ರಶ್ನೆ. ಕರಾವಳಿಯಲ್ಲಿ ದೈವವೆಂಬುದು ಬೇರೆ, ದೆವ್ವವೆಂಬುದು ಬೇರೆ. ದೈವದ ಆರಾಧನೆಯನ್ನು ಈ ಚಿತ್ರವು ಪರಿಹಾಸ್ಯಕ್ಕೆ ಎಳೆದಿಲ್ಲವೆಂಬುದನ್ನು ಮೊದಲು ಹೇಳಬೇಕು. ಅದು ನಗುವುದು ಕಂಡುದನ್ನೆಲ್ಲ ದೆವ್ವವೆಂದು ಸಾರುವ ಆತುರವನ್ನು, ಆ ಆತುರದಲ್ಲಿ ಬೇಳೆ ಬೇಯಿಸಿಕೊಳ್ಳುವ ಗುರೂಜಿಯನ್ನು. ರಾಜ್ ಬಿ. ಶೆಟ್ಟಿಯವರ ಗುರೂಜಿಯು ಕ್ರೂರಿಯಲ್ಲ; ಗಿರಾಕಿಗೆ ಬೇಕಾದುದನ್ನು ಅಳೆದು ಕೊಡುವ ವ್ಯಾಪಾರಿ. ಚಿತ್ರದಲ್ಲಿ ಅವನನ್ನು ಕಂಡು ನಕ್ಕು ಸುಮ್ಮನಾಗಬಹುದು. ಚಿತ್ರದ ಹೊರಗೆ ಈ ವ್ಯಾಪಾರಕ್ಕೆ ಬಲಿಯಾದವರುಂಟು. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕಿ ಹೊಡೆಯುವುದು, ಹೊಗೆ ಹಾಕುವುದು ಮೊದಲಾದ ಹಿಂಸೆಗಳನ್ನು ತಡೆಯುವುದಕ್ಕಾಗಿ ಕರ್ನಾಟಕವು ೨೦೧೭ರಲ್ಲಿ ಶಾಸನವೊಂದನ್ನು ಮಾಡಿ ೨೦೨೦ರಲ್ಲಿ ಜಾರಿಗೆ ತಂದಿತು. ಶಾಸನವು ಹಿಂಸೆ ಮಾಡಿದವನನ್ನು ಶಿಕ್ಷಿಸಬಲ್ಲದು. ನಂಬಿದವನ ಮನಸ್ಸನ್ನು ತಿಳಿಗೊಳಿಸಲಾರದು. ಆ ಎರಡನೆಯ ಕೆಲಸದಲ್ಲಿ ನಗೆಗೆ ತನ್ನದೇ ಆದ ಸಾಮರ್ಥ್ಯವುಂಟು. ತಾನು ನಂಬಿದ್ದುದನ್ನೇ ತೆರೆಯ ಮೇಲೆ ಇನ್ನೊಬ್ಬನು ನಂಬಿ ಮುಗ್ಗರಿಸುವುದನ್ನು ಕಂಡು ನಕ್ಕವನು, ಮುಂದಿನ ಸಲ ಗುರೂಜಿಗೆ ದಕ್ಷಿಣೆ ಕೊಡುವ ಮುನ್ನ ಒಂದು ಗಳಿಗೆ ತಡೆಯುವನು. ಅವನ ಶ್ರದ್ಧೆಗೆ ಇದರಿಂದ ಭಂಗವಿಲ್ಲ; ಹಣಕ್ಕೂ ಹೆಂಗಸರ ಮೈಗೂ ರಕ್ಷಣೆಯುಂಟು.

ಹೀಗೆ ತೂಗಿ ನೋಡಿದರೆ ಪ್ರೇಕ್ಷಕರ ಐದು ಮಾತುಗಳಲ್ಲಿ ಮೊದಲನೆಯದು ನಿಜವಾಗಿಯೂ ಅಪೂರ್ಣ. ಎರಡನೆಯದು ರೂಢಿಯಿಂದ ಬಂದುದು. ಮೂರನೆಯದು ಅಭ್ಯಾಸದಿಂದ ನೀಗುವಂಥದು. ನಾಲ್ಕನೆಯದು ಕಾರಣವನ್ನು ತಪ್ಪಾಗಿ ಹೇಳಿದರೂ ನ್ಯೂನತೆಯ ಜಾಗವನ್ನು ಸರಿಯಾಗಿ ಮುಟ್ಟಿದುದು. ಐದನೆಯದು ಚಿತ್ರಕ್ಕಿಂತ ನಮ್ಮನ್ನೇ ಪರೀಕ್ಷಿಸುವಂಥದು. ನೂರಾರು ಮಂದಿ ಒಂದೇ ಕಡೆಯಲ್ಲಿ ನಗುವುದನ್ನು ನಿಲ್ಲಿಸಿದರೆಂದರೆ ಅಲ್ಲೊಂದು ವಿಶೇಷವಿದೆಯೆಂದು ತಿಳಿಯಬೇಕು. ಪಂಡಿತನಿಗೆ ಕಾಣದೆ ಹೋಗಬಹುದಾದ ಆ ಜಾಗವನ್ನು ಜನರು ತಮ್ಮ ಮೌನದಿಂದ ಗುರುತು ಮಾಡಿ ಕೊಡುತ್ತಾರೆ. ಅದರ ಅರ್ಥವನ್ನು ಬಿಡಿಸುವುದು ಓದುಬರೆಹ ಬಲ್ಲ ಮನೆಗಳ ಹೊಣೆ. ನಮ್ಮ ವಾಚಕರು ಈ ಚಿತ್ರವನ್ನು ಮಕ್ಕಳೊಡನೆ ನೋಡಿದ್ದರೆ, ರವಿಯಣ್ಣನ ಪೇಚಾಟವನ್ನು ನೆನೆದು ಮತ್ತೊಮ್ಮೆ ನಕ್ಕ ತರುವಾಯ, ಭಾನು ಯಾರಿಗೆ ಹೆದರಿದ್ದಳು, ಅವಳ ನೆರೆಹೊರೆಯವರು ಅದುವರೆಗೆ ಏಕೆ ಸುಮ್ಮನಿದ್ದರು ಎಂಬುದನ್ನೂ ಕೇಳಿ ನೋಡಲಿ. ಮಕ್ಕಳು ಕೊಡುವ ಉತ್ತರವನ್ನು ನಮ್ಮ ಸಂಘದ ಮುಂದಿನ ಗೋಷ್ಠಿಯಲ್ಲಿ ಕೇಳಲು ನಾವು ಕುತೂಹಲದಿಂದ ಕಾದಿರುತ್ತೇವೆ.